ಹಸಿ ಗಚ್ಚಿನ ಕಮಾನು

ನನ್ನನ್ನು ತಂಬ್ರಹಳ್ಳಿಯಿಂದ ಕೂಡ್ಲಿಗಿಗೆ ಕೊಡುವಾಗ ಮನೆ ನೋಡಿಕೊಂಡು ಬಂದವನು ನಮ್ಮ ಸೋದರಮಾವ. ಹುಡುಗ ಯೂಸುಫ್ ಸಾಬ ಗೌಂಡಿ ಕೆಲಸದವನು, ಕುಡಿಯುವುದಿಲ್ಲ, ಮನೆ ಕಲ್ಲಿನದು, ಮಳೆಗೆ ಸೋರುವುದಿಲ್ಲ ಅಂತ ಎಲ್ಲ ಬಣ್ಣಿಸಿದ. ಆ ಮನೆ ಚರ್ಚಿನ ಕಂಪೌಂಡಿನೊಳಗೇ ಇದೆ, ಮೂರು ಕಡೆ ಕಂಪೌಂಡಿನ ಗೋಡೆಯೇ ಮನೆಯ ಗೋಡೆ, ಇರುವ ಒಂದೇ ಬಾಗಿಲು ಚರ್ಚಿನ ಅಂಗಳಕ್ಕೆ ತೆರೆಯುತ್ತದೆ ಅನ್ನುವುದನ್ನು ಮಾತ್ರ ನುಂಗಿಕೊಂಡ. ಬಟ್ಟೆ ಒಣಹಾಕಿದರೆ ಪ್ರಾರ್ಥನೆಗೆ ಬಂದವರ ಕಣ್ಣಿಗೆ ಬೀಳುತ್ತದೆ. ಗಂಡನ ಜೊತೆ ಜಗಳ ಆಡಿದರೆ ಪಾದ್ರಿಗಳಿಗೆ ಕೇಳುತ್ತದೆ. ಮದುವೆಯಾದ ಹೊಸದರಲ್ಲಿ, ಇಲ್ಲೇ ಉಸಿರು ಕಟ್ಟಿ ಸಾಯುತ್ತೇನೆ ಅಂತ ಅನ್ನಿಸಿತ್ತು.

ಆ ಮನೆ ನಮಗೆ ಬಂದದ್ದೂ ಚರ್ಚಿನಿಂದಲೇ. ನೂರು ವರ್ಷದ ಹಿಂದಿನ ಧಾತು ಸಂವತ್ಸರದ ದೊಡ್ಡ ಬರದಲ್ಲಿ ಜನ ಬೇರು ಬೇಯಿಸಿ ತಿನ್ನುತ್ತಿದ್ದಾಗ ಒಬ್ಬ ಬಿಳಿ ಪಾದ್ರಿ ಬಂದು, ಗುಡ್ಡದಿಂದ ಕಲ್ಲು ಹೊತ್ತು ತಂದವರಿಗೆ ಜೋಳ ಅಳೆದು ಕೊಟ್ಟನಂತೆ. ಬರ ಹೋದರೂ ಕೆಲಸ ನಿಲ್ಲಲಿಲ್ಲ, ಕಲ್ಲೆಲ್ಲ ಸೇರಿ ಚರ್ಚಾಯಿತು. ಕಂಬ ಕೆತ್ತಿದವರು ಗುಡಿಯ ಕಂಬ ಬಿಟ್ಟು ಬೇರೆ ಕಂಡವರಲ್ಲ. ಹಾಗಾಗಿ ಒಳಗಿನ ಕಂಬಗಳ ತಲೆಯ ಮೇಲೆ ಕಮಲ ಅರಳಿವೆ, ಬುಡದಲ್ಲಿ ಹಂಸದ ಸಾಲಿದೆ. ಪಾದ್ರಿ ಬೇಡ ಅನ್ನಲಿಲ್ಲ. ಗೋಡೆ ಎಷ್ಟು ದಪ್ಪ ಅಂದರೆ, ಚರ್ಚು ಗುಡಿಸುವ ನಮ್ಮ ಕೆಂಚಕ್ಕ ಬೇಸಿಗೆಯ ಮಧ್ಯಾಹ್ನ ಕಿಟಕಿಯ ಗೂಡಿನಲ್ಲೇ ಮುದುಡಿ ನಿದ್ದೆ ಮಾಡುತ್ತಾಳೆ. ಚರ್ಚಿನಲ್ಲಿ ಅವಳಿಗೆ ಬೇರೆ ಏನೋ ಹೆಸರಿದೆ, ಊರಿಗೆಲ್ಲ ಮಾತ್ರ ಕೆಂಚಕ್ಕ. ಅವಳ ಅಜ್ಜಿ ಆ ಬರದಲ್ಲಿ ಕಲ್ಲು ಹೊತ್ತವಳು.

ಮುಂದಿನ ಪಡಸಾಲೆಗೆ ಮೂರು ಕಮಾನು ಬೇಕು, ಅವು ಕೈಮುಗಿದ ಹಾಗೆ ನೆತ್ತಿಯಲ್ಲಿ ಚೂಪಾಗಬೇಕು ಅಂತ ಪಾದ್ರಿ ನೆಲದ ಮೇಲೆ ಗೀಚಿ ತೋರಿಸಿದಾಗ ಗುಡಿ ಕಟ್ಟುವವರು ಕೈ ಚೆಲ್ಲಿದರಂತೆ. ಅವರದು ಕಂಬದ ಮೇಲೆ ತೊಲೆ ಇಡುವ ಕೆಲಸ. ಆಗ ಕರೆಸಿದ್ದು ನನ್ನ ಗಂಡನ ಅಪ್ಪ, ಮಾವ ಖಾಜಾಸಾಬರ ಅಜ್ಜ ದಾವಲ್ ಸಾಬರನ್ನು. ಮಸೀದಿ ದರ್ಗಾಗಳಿಗೆ ಕಮಾನು ಕಟ್ಟಿದ ಕೈ ಅದು. ಮೂರೂ ಕಮಾನು ಎದ್ದ ಮೇಲೆ ಪಾದ್ರಿ ಮೆಚ್ಚಿ, ಕಂಪೌಂಡಿನ ಮೂಲೆಯ ಈ ಮನೆ ಕೊಟ್ಟ. ಕಮಾನು ನೋಡಿಕೊಂಡು ಇರುವ ತನಕ ಮನೆ ನಿಮ್ಮದು ಅಂದನಂತೆ. ಹಾಗಾಗಿ ನಮ್ಮ ಮಾವನಿಗೆ ಆ ಕಮಾನು ಅಂದರೆ ಬರೀ ಕಲ್ಲಲ್ಲ, ಬರೀ ಹೊಟ್ಟೆಪಾಡೂ ಅಲ್ಲ. ಯಾರಾದರೂ ಅದರ ಕಡೆ ಬೆರಳು ತೋರಿಸಿ ಮಾತಾಡಿದರೂ ಮೀಸೆ ಕುಣಿಯುತ್ತಿತ್ತು.

ಇನ್ನು ಈ ಮನೆಯ ಗೌಂಡಿಗಳ ಒಂದು ಪದ್ಧತಿ ಹೇಳಬೇಕು. ಕಮಾನು ಕಟ್ಟುವಾಗ ಕೆಳಗೆ ಕಟ್ಟಿಗೆಯ ಅಚ್ಚು ನಿಲ್ಲಿಸುತ್ತಾರೆ. ಕಲ್ಲುಗಳೆಲ್ಲ ಆ ಅಚ್ಚಿನ ಬೆನ್ನ ಮೇಲೆ ಕೂತಿರುತ್ತವೆ. ಗಚ್ಚು ಒಣಗಿ ಗಟ್ಟಿಯಾದ ಮೇಲೆ ಅಚ್ಚಿನ ಕಾಲುಗಳಡಿ ಕೊಟ್ಟ ಬೆಣೆಗಳನ್ನು ಹೊಡೆದು ತೆಗೆಯುತ್ತಾರೆ, ಅಚ್ಚು ಇಳಿಯುತ್ತದೆ, ಕಮಾನು ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಬೆಣೆ ಹೊಡೆಯುವುದು ಮನೆಯ ಹಿರಿಯ. ಹೊಡೆಯುವಾಗ ಅವನ ರಕ್ತದವನೊಬ್ಬ ಕಮಾನಿನ ಕೆಳಗೆ ಕೂತಿರಬೇಕು. ನನ್ನ ಕೆಲಸದ ಮೇಲೆ ನನಗೆ ಎಷ್ಟು ನಂಬಿಕೆ ಅಂತ ಊರಿಗೆ ತೋರಿಸುವ ರೀತಿ ಅದು. ಮೊದಲ ಸಲ ಕೇಳಿದಾಗ ನನಗೆ ಮೈ ಉರಿದುಹೋಯಿತು. ನಂಬಿಕೆ ಇದ್ದರೆ ತಾನೇ ಕೂತು ಹೊಡೆಸಿಕೊಳ್ಳಲಿ, ಮಗನ ತಲೆ ಯಾಕೆ?

ಎಂಬತ್ತನೆಯ ಇಸವಿಯಲ್ಲಿ ಚರ್ಚಿಗೆ ನೂರು ವರ್ಷ ತುಂಬುವುದಿತ್ತು. ಬಿಷಪ್ಪರು ಬರುತ್ತಾರೆ, ದೊಡ್ಡ ಹಬ್ಬ ಅಂತ ಗೊತ್ತಾದ ಮೇಲೆ ಎಲ್ಲರೂ ತಲೆ ಎತ್ತಿ ನೋಡಿದರು. ನಡುಗಮಾನಿನಲ್ಲಿ, ಅಂದರೆ ಮೂರರ ನಡುವಿನದರಲ್ಲಿ, ಅರಳಿ ಸಸಿ ಬೇರಿಳಿಸಿ, ನೆತ್ತಿಯ ತನಕ ಬಿರುಕು ಬಿಟ್ಟಿತ್ತು. ಹಿಂದೊಮ್ಮೆ ಯಾರೋ ಸಿಮೆಂಟು ಮೆತ್ತಿದ್ದರು, ಅದು ಹಪ್ಪಳದಂತೆ ಎದ್ದು ಬಂದಿತ್ತು. ಬಿಚ್ಚಿ, ಮೊದಲಿನಂತೆ ಸುಣ್ಣದ ಗಚ್ಚಿನಲ್ಲೇ ಕಟ್ಟಬೇಕು ಅಂದರು ಮಾವ. ಚರ್ಚಿನ ಕಮಿಟಿಯವರು ಒಪ್ಪಿದರು. ಬಿಚ್ಚಿದಾಗ ಕಲ್ಲುಗಳ ಅಂಚುಗಳೆಲ್ಲ ಬೇರು ತಿಂದು ಮುರಿದಿದ್ದವು. ಅಂಚು ಸರಿ ಇದ್ದರೆ ಕಲ್ಲಿಗೆ ಕಲ್ಲೇ ಆತುಕೊಂಡು ನಿಲ್ಲುತ್ತದೆ. ಅಂಚು ಮುರಿದರೆ ನಡುವಿನ ಗಚ್ಚೇ ಹಿಡಿದುಕೊಳ್ಳಬೇಕು.

ಗಚ್ಚು ಅಂದರೆ ಸುಮ್ಮನೆ ಅಲ್ಲ. ಸುಣ್ಣವನ್ನು ಗುಂಡಿಯಲ್ಲಿ ನೆನೆಹಾಕಿ, ಗಾಣದಲ್ಲಿ ಮರಳಿನ ಜೊತೆ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸಿ ಕೊಳೆಹಾಕಬೇಕು. ಅದು ಹಣ್ಣಾಯಿತೋ ಇಲ್ಲವೋ ಅಂತ ಮಾವ ನೋಡುತ್ತಿದ್ದದ್ದು ನಾಲಿಗೆಯಿಂದ. ಬೆರಳ ತುದಿಯಲ್ಲಿ ಚೂರು ತೆಗೆದು ನಾಲಿಗೆಗೆ ಮುಟ್ಟಿಸಿ ಉಗುಳುವರು. ಹಸಿ ಇದ್ದರೆ ಕಚ್ಚುತ್ತದೆ. ಹಣ್ಣಾದರೆ ಕಚ್ಚುವುದಿಲ್ಲ, ಒಂದು ಥರ ತಣ್ಣಗೆ, ಹಿಂದೆಯೇ ಬೆಲ್ಲದ ವಾಸನೆ. ಕಮಾನಿನ ಎರಡೂ ತೋಳು ಮೇಲೇಳುವ ತನಕ ಪ್ರತಿ ಗಾಣದ ಗಚ್ಚನ್ನೂ ಅವರು ಹೀಗೆ ನೋಡಿದರು. ನೆತ್ತಿಯ ಕಲ್ಲುಗಳನ್ನು ಕೂರಿಸುವ ಹೊತ್ತಿಗೆ ರಂಜಾನ್ ಬಂತು.

ರೋಜಾದ ಉಪವಾಸ ಹಿಡಿದವರು ನಾಲಿಗೆಗೆ ಏನು ಮುಟ್ಟಿಸುತ್ತಾರೆ? ಅದೂ ಬೆಲ್ಲ ಹಾಕಿದ್ದು. ರೋಜಾದಲ್ಲಿ ತನ್ನ ಎಂಜಲನ್ನೂ ನುಂಗದ ಮನುಷ್ಯ ನಮ್ಮ ಮಾವ. ಗಚ್ಚನ್ನು ಬೆರಳಲ್ಲಿ ಹಿಸುಕಿ, ಉಗುರಲ್ಲಿ ಗೀರಿ, ಮೂಸಿ, "ಆಗೇತಿ, ತಗೀರಿ" ಅಂದುಬಿಟ್ಟರು. ರೋಜಾ ಬಿಟ್ಟ ಮೇಲೆ ಸಂಜೆ ನೋಡಬಹುದಿತ್ತಲ್ಲ ಅಂದರೆ, ಆಳುಗಳು ಸಂಜೆ ತನಕ ಕಾಯಬೇಕು, ಚರ್ಚಿನ ಹಬ್ಬ ಹತ್ತಿರ ಬಂತು. ಆ ಗಚ್ಚಿನ ಸುಣ್ಣವನ್ನು ತಡವಾಗಿ ನೆನೆಹಾಕಿದ್ದರು, ಮೇಲೆ ಜಿಟಿಜಿಟಿ ಮಳೆ ಬೇರೆ.

ಈಗ ನನ್ನ ಕಥೆಗೆ ಬರುತ್ತೇನೆ. ಆ ರಂಜಾನಿನಲ್ಲಿ ನಾನು ರೋಜಾ ಹಿಡಿದಿರಲಿಲ್ಲ. ಬಸುರಿ. ಅತ್ತೆ ಅಮೀರ್ ಬೀ ಒಬ್ಬರಿಗೇ ಗೊತ್ತಿತ್ತು. ಹಿಂದಿನ ವರ್ಷ ಊರಿಗೆಲ್ಲ ಸಕ್ಕರೆ ಹಂಚಿ ಹೇಳಿಕೊಂಡ ಬಸುರು ನಿಲ್ಲಲಿಲ್ಲ. ಅದಕ್ಕೇ ಈ ಸಲ ಅತ್ತೆ ನನ್ನ ತಲೆ ಮೇಲೆ ಕೈಯಿಟ್ಟು, "ಹಬ್ಬ ಮುಗ್ಯೂತನಕ ನಿನ್ನ ಗಂಡಗೂ ಹೇಳಬ್ಯಾಡ. ದೃಷ್ಟಿ ಆಗತೈತಿ" ಅಂದಿದ್ದರು. ನಸುಕಿನ ಸಹರಿ ಊಟಕ್ಕೆ ಎಲ್ಲರ ಜೊತೆ ಎದ್ದು ಉಣ್ಣುವುದು, ಹಗಲು ಅಡುಗೆಮನೆಯ ಬಾಗಿಲು ಹಾಕಿಕೊಂಡು ಮತ್ತೆ ಉಣ್ಣುವುದು. ಇನ್ನೊಂದು ಭಯವೂ ಇತ್ತು. ಸುಣ್ಣದ ಗುಂಡಿ, ಗಾಣ, ಹಸಿ ಕಟ್ಟಡ, ಇವುಗಳ ಹತ್ತಿರ ಬಸುರಿ ಸುಳಿಯಬಾರದು ಅಂತ ನಮ್ಮಲ್ಲಿ ಗಟ್ಟಿ ನಂಬಿಕೆ.

ನನಗೋ ಬಯಕೆ ಹತ್ತಿದ್ದೇ ಸುಣ್ಣದ ಮೇಲೆ! ಒಬ್ಬರಿಗೆ ಹುಣಸೆಕಾಯಿ, ಒಬ್ಬರಿಗೆ ಕೆಮ್ಮಣ್ಣು, ನನಗೆ ಗಚ್ಚು. ಬಿಚ್ಚಿದ ಕಮಾನಿನ ಹಳೆಯ ಗಚ್ಚಿನ ಚೂರುಗಳು ಅಂಗಳದ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮಳೆ ಹನಿ ಬಿದ್ದಾಗ ಅದರಿಂದ ಬರುವ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕದ್ದು ನೆಕ್ಕುತ್ತಿದ್ದೆ. ನೂರು ವರ್ಷದ ಹಿಂದೆ ದಾವಲ್ ಸಾಬರು ಅರೆದ ಗಚ್ಚು, ಬರಗಾಲದ ಬೆಲ್ಲ ಹಾಕಿದ್ದು, ಎಷ್ಟು ರುಚಿ ಇತ್ತು ಅಂದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಬಿರಿಯಾನಿ ಮುಂದಿಟ್ಟರೂ ಬೇಡ ಅನ್ನುತ್ತಿದ್ದೆ. ಒಂದು ದಿನ ಗಾಣದಿಂದ ಆಗ ತಾನೇ ತೆಗೆದ ಹೊಸ ಗಚ್ಚು ಕಂಡಿತು. ಬಯಕೆ ಕೇಳುತ್ತದೆಯೇ? ಚೂರು ನಾಲಿಗೆಗೆ ಹಚ್ಚಿದೆ. ಇರುವೆ ಮುತ್ತಿದ ಹಾಗೆ ಕಚ್ಚಿತು. ಬಚ್ಚಲಿಗೆ ಓಡಿ ಹೋಗಿ ಬಾಯಿ ತೊಳೆದುಕೊಂಡೆ. ಆ ಹೊತ್ತಿಗೆ ಅದೇ ಗಚ್ಚನ್ನು ಬುಟ್ಟಿಯಲ್ಲಿ ತುಂಬಿ ನೆತ್ತಿಯ ಕಲ್ಲಿಗೆ ಏರಿಸುತ್ತಿದ್ದರು.

ಅತ್ತೆಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು, ಆದರೆ ಹೆದರಿದ್ದು ಕಮಾನಿಗಲ್ಲ.

"ನೀ ಗಾಣದ ಹತ್ರ ಹೋಗಿದ್ದ್ಯಾ? ಹೊಟ್ಟಿ ಇಟ್ಕೊಂಡು? ಬಾಯಿ ಮುಚ್ಚು ಜೈತುನಾ. ನಿಮ್ಮ ಮಾವಗ ಗೊತ್ತಾದ್ರ ನನ್ನೂ ನಿನ್ನೂ ಸಿಗದ ಹಾಕತಾನ."

"ಅತ್ತಿ, ಅದರ ಕೆಳಗ ಕೂರೋದು ನಿಮ್ಮ ಮಗಾರಿ!"

"ನಲವತ್ತು ವರ್ಷದಿಂದ ಗಚ್ಚು ಮಾಡ್ಯಾನ ಅಂವ. ಅಂವಗ ತಿಳೀದ್ದು ನಿನಗ ತಿಳೀತನು?"

ಗಂಡನಿಗೆ ಹೇಳಿದೆ. ಬಸುರಿನ ಮಾತು ಬಿಟ್ಟು, ಹೇಗೋ ಬೆರಳು ಬಾಯಿಗೆ ತಾಗಿತು ಅಂತ ಸುತ್ತಿ ಬಳಸಿ ಹೇಳಿದೆ. ಯೂಸುಫ್ ಸಾಬ ಮೊದಲು ನಕ್ಕ. ಆಮೇಲೆ ಒಬ್ಬನೇ ಹೋಗಿ ಏಣಿ ಹತ್ತಿ ಮೇಲೆ ಉಗುರಿಂದ ಗೀರಿ ನೋಡಿ ಬಂದ.

"ಮೆತ್ತಗೈತಿ," ಅಂದ.

"ಹಂಗಾರ ನಿಮ್ಮಪ್ಪಗ ಹೇಳ್ರಿ."

"ಏನಂತ ಹೇಳ್ಲಿ? ನಿನಗ ಕೆಲಸ ಬರಂಗಿಲ್ಲ ಅಂತ ಹೇಳ್ಲ್ಯಾ? ಅಪ್ಪನ ಮುಂದ ನಾ ಇವತ್ತಿನತನಕ ತಲಿ ಎತ್ತಿ ಮಾತಾಡಿಲ್ಲ."

"ತಲಿ ಎತ್ತದಿದ್ರ ತಲೀನ ಇರಂಗಿಲ್ಲಲ್ರಿ!"

"ಅಲ್ಲಾ ಅದಾನ," ಅಂದು ಮಗ್ಗುಲು ತಿರುಗಿ ಮಲಗಿದ. ಇಂಥ ಗಂಡಸನ್ನು ಏನು ಮಾಡುವುದು ಹೇಳಿ. ಕಲ್ಲು ತಲೆಯ ಮೇಲೆ ಬೀಳುವುದನ್ನು ತಡೆದುಕೊಳ್ಳುತ್ತಾನಂತೆ, ಅಪ್ಪ ಹುಬ್ಬು ಗಂಟು ಹಾಕುವುದನ್ನು ತಡೆದುಕೊಳ್ಳಲಾರನಂತೆ. ಸಿಟ್ಟಿಗೆ ನನಗೆ ಅಳು ಬಂತು.

ಕೊನೆಗೆ ಕೆಂಚಕ್ಕನ ಕಿವಿಗೆ ಹಾಕಿದೆ. ಅವಳು ಪಾದ್ರಿ ಸತ್ಯಾನಂದ ಅಯ್ಯನವರ ಕಿವಿಗೆ ಹಾಕಿದಳು. ಒಳ್ಳೆಯ ಮನುಷ್ಯ, ಮೆಲು ಮಾತು. ಅಂಗಳದಲ್ಲಿ ಮಾವನನ್ನು ನಿಲ್ಲಿಸಿ, "ಸಾಬರೇ, ಗಡಿಬಿಡಿ ಏನೂ ಇಲ್ಲ, ಅಚ್ಚು ಹಂಗೇ ಇರಲಿ, ಹಬ್ಬ ಆದ ಮ್ಯಾಲ ತೆಗೆದ್ರೂ ನಡೀತೈತಿ," ಅಂದರು.

ಮಾವ ತಲೆಗೆ ಸುತ್ತಿದ ಪಟಗ ಸರಿಮಾಡಿಕೊಂಡರು. "ಅಯ್ನಾರೇ, ನಿಮ್ಮ ಬಿಷಪ್ರು ಕಟ್ಟಿಗಿ ಸಂದ್ಯಾಗ ನುಸುಳಿಕೊಂಡು ಒಳಗ ಹೋಗಬೇಕನು? ನೂರು ವರ್ಷದ ಹಬ್ಬಕ್ಕ ನಡುಗಮಾನು ತೆರೆದು ಕೊಡ್ತೀನಿ ಅಂದೀನಿ. ಅಂದೀನಿ ಅಂದ್ರ ಅಂದೀನಿ." ಅಲ್ಲಿಗೆ ಮಾತು ಮುಗಿಯಿತು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ಯಾವ ಕಡೆ ತಳ್ಳಿದರೂ ಗೋಡೆ.

ರಂಜಾನ್ ಹಬ್ಬ ಆಯಿತು. ಮರುದಿನವೇ ಅಚ್ಚು ತೆಗೆಯುವುದು ಅಂತ ಮಾವ ಸಾರಿದರು. ಬೆಳಿಗ್ಗೆ ಅಂಗಳದ ತುಂಬ ಜನ. ಚರ್ಚಿನವರು, ಪೇಟೆಯ ಮರುಳಪ್ಪನವರು, ಅವರ ಅಂಗಡಿಯ ಆಳುಗಳು, ಮಸೀದಿಯ ಕಡೆಯವರು, ಹೊಸ ಬಟ್ಟೆ ತೊಟ್ಟ ಮಕ್ಕಳು. ಕಮಾನಿನ ಕೆಳಗೆ ಅಚ್ಚಿನ ಕಾಲುಗಳ ನಡುವೆ ಒಂದು ಚಾಪೆ ಹಾಸಿದ್ದರು. ಯೂಸುಫ್ ಸಾಬ ಹೋಗಿ ಅದರ ಮೇಲೆ ಕಾಲು ಮಡಚಿ ಕೂತ. ಕೈಗೆ ರೊಟ್ಟಿ ಕೊಟ್ಟರು. ಕೆಳಗೆ ಕೂತವನು ರೊಟ್ಟಿ ತಿನ್ನುತ್ತಿರಬೇಕು, ಮೇಲೆ ನೋಡಬಾರದು. ಅವನು ರೊಟ್ಟಿ ಮುರಿದ, ಬಾಯಿಗಿಟ್ಟ, ಆದರೆ ಅಗಿಯಲಿಲ್ಲ. ಮಾವ ಬಿಸ್ಮಿಲ್ಲಾ ಹೇಳಿ ಸುತ್ತಿಗೆ ಎತ್ತಿಕೊಂಡರು.

ನಾನು ಹೊಸ್ತಿಲು ದಾಟಿದೆ. ಅತ್ತೆ ಸೆರಗು ಹಿಡಿದು ಎಳೆದರು, ಸೆರಗು ಅವರ ಕೈಯಲ್ಲೇ ಹರಿಯಿತು. ಅಷ್ಟು ಜನರ ನಡುವೆ ನುಗ್ಗಿ ಹೋಗಿ ಗಂಡನ ಮಗ್ಗುಲಲ್ಲಿ ಚಾಪೆಯ ಮೇಲೆ ಕೂತುಬಿಟ್ಟೆ.

"ಏಯ್, ಎದ್ದೇಳು!" ಮಾವ ಗುಡುಗಿದರು. "ಯಾರು ಬಿಟ್ರು ಇಕಿನ್ನ?"

"ಗಚ್ಚು ಹಸೀದೈತಿ ಮಾವ. ನಾಲಿಗಿ ಕಚ್ಚತೈತಿ."

"ನೀ ಯಾವಾಗ ನಾಲಿಗಿಗೆ ಹಚ್ಚಿದಿ? ರಂಜಾನದಾಗ?"

ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ಚಾಪೆ ಬಿಟ್ಟೇಳಲಿಲ್ಲ. "ನಾ ರೋಜಾ ಹಿಡದಿಲ್ಲ. ನಾ ಬಸುರಿ ಅದೀನಿ. ನಿಮ್ಮ ಪದ್ಧತಿ ಐತಲ್ಲ, ರಕ್ತದಾರು ಕೆಳಗ ಇರಬೇಕು ಅಂತ? ಈಗ ನಿಮ್ಮ ಮಗಾನೂ ಅದಾನ, ಮೊಮ್ಮಗೂನೂ ಐತಿ. ಹೊಡೀರಿ."

ಯೂಸುಫ್ ಸಾಬ ನನ್ನ ಕಡೆ ತಿರುಗಿದ. ರೊಟ್ಟಿ ಕೈಯಿಂದ ಬಿತ್ತು. ಗಂಡನಿಗೆ ಸುದ್ದಿ ಹೇಳುವ ರೀತಿಯೇ ಇದು? ಅಂತ ನನಗೇ ಒಳಗೊಳಗೆ ನಾಚಿಕೆ. ಜನ ಗುಸುಗುಸು ಅಂದರು. ಮುದುಕಿಯೊಬ್ಬಳು, "ಅಯ್ಯಯ್ಯ, ಬಸುರಿ ಹಸಿ ಕಮಾನಿನ ಕೆಳಗ!" ಅಂತ ಬಾಯಿ ಬಡಿದುಕೊಂಡಳು.

ಮಾವ ಸುತ್ತಿಗೆ ಇಳಿಸಲೂ ಇಲ್ಲ, ಹೊಡೆಯಲೂ ಇಲ್ಲ. ಆಮೇಲೆ ಏಣಿ ತರಿಸಿ, ಹತ್ತಿ, ನೆತ್ತಿಯ ಕಲ್ಲಿನ ಸಂದಿಗೆ ಮೊಳೆ ಹಾಕಿ ಕೆರೆದು, ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡರು. ಅವರ ಬೆನ್ನು ಜನರ ಕಡೆ ಇತ್ತು, ಕೆಳಗೆ ಕೂತ ನನಗೆ ಮಾತ್ರ ಮುಖ ಕಾಣುತ್ತಿತ್ತು. ಉಗುಳಲಿಲ್ಲ. ನುಂಗಿದರು. ನಾನು ಅದನ್ನು ನೋಡಿದೆ, ಅವರಿಗೆ ಗೊತ್ತಾಯಿತು ಅನ್ನುವುದು ನನಗೂ ಗೊತ್ತಾಯಿತು.

ಕೆಳಗಿಳಿದು ಬಂದು, "ಎದ್ದೇಳ್ರಿ ಇಬ್ಬರೂ," ಅಂದರು. ಗೆದ್ದೆ ಅಂದುಕೊಂಡು ಎದ್ದೆ. ನಾವು ಎದ್ದ ಜಾಗದಲ್ಲಿ ಅವರು ಕೂತರು. ಸುತ್ತಿಗೆಯನ್ನು ಮಗನ ಕೈಗೆ ಕೊಟ್ಟರು.

"ಗಚ್ಚು ಸರಿ ಐತಿ. ನೀ ಹೊಡಿ."

ಯೂಸುಫ್ ಸಾಬ ಬೆಣೆಯ ಹತ್ತಿರ ಹೋದ. ಅಷ್ಟು ದಿನ ಅವನು ಅಪ್ಪನ ಯಾವ ಮಾತನ್ನೂ ಮೀರಿದವನಲ್ಲ. ಸುತ್ತಿಗೆ ಎತ್ತಿದ. ಇವನು ಹೊಡೆದೇ ಬಿಡುತ್ತಾನೆ, ಅಪ್ಪ ಹೇಳಿದ ಅಂತ ಅಪ್ಪನ ಮೇಲೇ ಕಮಾನು ಕೆಡವುತ್ತಾನೆ ಅಂದುಕೊಂಡೆ.

"ಹೊಡ್ಯಾಕಿಲ್ಲ ಅಬ್ಬಾ," ಅಂದ.

"ಹೊಡಿ ಅಂದ್ನಿ."

"ಹೊಡ್ಯಾಕಿಲ್ಲ ಅಂದ್ರ ಹೊಡ್ಯಾಕಿಲ್ಲ!" ಸುತ್ತಿಗೆಯನ್ನು ನೆಲಕ್ಕೆ ಎಸೆದು ಜನರನ್ನು ನೂಕಿಕೊಂಡು ಹೊರಗೆ ಹೋದ. ಆ ಗಳಿಗೆ ನನಗೆ ಅವನ ಮೇಲೆ ಹುಟ್ಟಿದ ಪ್ರೀತಿ ಮದುವೆಯಾದಾಗಲೂ ಹುಟ್ಟಿರಲಿಲ್ಲ.

ಮಾವ ಏಳಲಿಲ್ಲ. ಪಾದ್ರಿಗಳು ಕೈಮುಗಿದು ಕೇಳಿಕೊಂಡರು, ಮರುಳಪ್ಪನವರು ಬುದ್ಧಿ ಹೇಳಿದರು, ಮಸೀದಿಯ ಹಿರಿಯರು ಬೈದರು. "ಅಚ್ಚು ಇಳದ ಮ್ಯಾಲೇ ನಾ ಏಳೋದು," ಅನ್ನುವುದೊಂದೇ ಮಾತು. ಸುತ್ತಿಗೆಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡರು. ಬೆಣೆಗಳು ಅಚ್ಚಿನ ಕಾಲಬುಡದಲ್ಲೇ ಇದ್ದವು, ಕೂತಲ್ಲಿಂದಲೇ ಕೈಗೆ ಸಿಗುತ್ತಿದ್ದವು. ಯಾರಾದರೂ ಹತ್ತಿರ ಬಂದರೆ ಸುತ್ತಿಗೆ ಎತ್ತಿ ಬೆಣೆಯ ಮೇಲೆ ಇಡುತ್ತಿದ್ದರು. ಹಿಡಿದೆಳೆಯಲು ಯಾರಿಗೂ ಧೈರ್ಯ ಆಗಲಿಲ್ಲ. ಬಿಸಿಲೇರಿದ ಹಾಗೆ ಜನ ಒಬ್ಬೊಬ್ಬರೇ ಕರಗಿದರು. ಅತ್ತೆ ದೂರದಲ್ಲಿ ಕೂತು ಅತ್ತು ಅತ್ತು ಸೋತರು. ಊಟ ಇಲ್ಲ, ನೀರಿಲ್ಲ, ಹೊರಗೆ ಬರಲೊಲ್ಲರು, ಒಳಗಿರಲೂ ಆಗದು. ಸಂಜೆಯ ಹೊತ್ತಿಗೆ ಆ ದೊಡ್ಡ ಮನುಷ್ಯ ಬೋನಿಗೆ ಬಿದ್ದ ಇಲಿಯಂತೆ ಕಾಣುತ್ತಿದ್ದರು.

ತಂಬಿಗೆಯಲ್ಲಿ ನೀರು ತೆಗೆದುಕೊಂಡು ನಾನೇ ಹೋದೆ. ಸುತ್ತಿಗೆ ಎತ್ತಲಿಲ್ಲ. ನೀರನ್ನೂ ಮುಟ್ಟಲಿಲ್ಲ. ನೆಲ ನೋಡುತ್ತಾ, ನನಗೊಬ್ಬಳಿಗೇ ಕೇಳುವ ಹಾಗೆ, "ಕಚ್ಚತೈತಿ," ಅಂದರು.

"ಹಂಗಾರ ಏಳ್ರಿ ಮಾವ."

"ಎದ್ದು ಊರಿಗೆ ಏನಂತ ಹೇಳ್ಲಿ? ದಾವಲ್ ಸಾಬನ ಮೊಮ್ಮಗ ಹಸಿ ಗಚ್ಚಿನಾಗ ಕಲ್ಲು ಕುಂದ್ರಿಸಿದ, ಅದರ ಕೆಳಗ ಹೆತ್ತ ಮಗನ್ನ ಕುಂದ್ರಿಸಿ ಹೊಡ್ಯಾಕ ನಿಂತಿದ್ದ, ಹಂಗಂತ ಹೇಳ್ಲ್ಯಾ? ಆಮ್ಯಾಲ ಈ ಮನ್ಯಾಗ ಯಾವ ಮಾರಿ ಇಟ್ಕೊಂಡು ಇರ್ಲಿ?" ಸುತ್ತಿಗೆಯ ಹಿಡಿಯನ್ನು ತಿರುಗಿಸುತ್ತಲೇ ಇದ್ದರು. "ಅದಕ್ಕಿಂತ ಇದು ನನ್ನ ಮ್ಯಾಲ ಬಿದ್ರ ಚಲೋ."

"ಎಲ್ಲಾರ ಮುಂದ ನಾ ಹೇಳೀನಲ್ರಿ ಹಸೀದೈತಿ ಅಂತ. ಊರಿಗೆ ಗೊತ್ತಾತಲ್ಲ."

"ನಿನ್ನ ಮಾತು ಯಾರು ನಂಬ್ಯಾರ? ಅವರು ನಂಬಿದ್ದು ಬ್ಯಾರೇನ. ಬಸುರಿ ಕಮಾನಿನ ಕೆಳಗ ಬಂದ್ಲು ಅನ್ನೂದನ್ನ ನಂಬ್ಯಾರ." ಆಗ ಮೊದಲ ಸಲ ನನ್ನ ಮುಖ ನೋಡಿದರು. "ನಾ ಹಂಗ ಹೇಳ್ತೀನಿ. ಬಸುರಿ ನೆರಳು ಬಿದ್ದು ಕಮಾನು ಕೆಟ್ಟೈತಿ, ಬಿಚ್ಚಿ ಕಟ್ಟಬೇಕು ಅಂತೀನಿ. ನೀ ಇಲ್ಲ ಅನಬಾರದು. ಯಾವತ್ತೂ. ಹಂಗಾದ್ರ ಏಳ್ತೀನಿ."

ನೋಡಿ, ಆ ಮುದುಕನ ಲೆಕ್ಕಾಚಾರ! ಅವರ ತಪ್ಪನ್ನು ನನ್ನ ಹೊಟ್ಟೆಯ ಮೇಲೆ ಹೇರಿ ತಾವು ಹಗುರಾಗಿ ಎದ್ದು ಬರುತ್ತಾರಂತೆ. ಆ ತಂಬಿಗೆಯ ನೀರನ್ನು ಮುಖಕ್ಕೆ ಎರಚಬೇಕು ಅನ್ನಿಸಿತು. ಆದರೆ ಸುತ್ತಿಗೆ ಮತ್ತೆ ಬೆಣೆಯ ಮೇಲೆ ಬಂದಿತ್ತು, ಅಲ್ಲಿ ಅತ್ತೆ ಮಣ್ಣಲ್ಲಿ ಬಿದ್ದುಕೊಂಡಿದ್ದರು.

"ಆತು ಏಳ್ರಿ," ಅಂದೆ.

ಎದ್ದೇಳಲು ಹೋದರೆ ಮೊಣಕಾಲು ಹಿಡಿದುಕೊಂಡಿದ್ದವು. ನಾನೇ ಕೈ ಕೊಟ್ಟು ಎಬ್ಬಿಸಿದೆ.

ಹೀಗೆ ಬಿಷಪ್ಪರು ನೂರು ವರ್ಷದ ಹಬ್ಬಕ್ಕೆ ಪಕ್ಕದ ಕಮಾನಿನಲ್ಲಿ ಒಳಗೆ ಹೋದರು. ಹಬ್ಬದ ಮೇಲೆ ಅಪ್ಪ ಮಗ ಸೇರಿ ನೆತ್ತಿ ಬಿಚ್ಚಿದರು. ಕಲ್ಲಿನ ನಡುವೆ ಗಚ್ಚು ಕಲಸಿದ ಹಿಟ್ಟಿನಂತೆ ಹಸಿಯಾಗಿಯೇ ಇತ್ತು, ಯಾರ ಕಣ್ಣಿಗೂ ಬೀಳದಂತೆ ಚೀಲದಲ್ಲಿ ತುಂಬಿ ಹೂತುಹಾಕಿದರು. ಸುಣ್ಣವನ್ನು ತಿಂಗಳಾನುಗಟ್ಟಲೆ ಕೊಳೆಹಾಕಿ ಮತ್ತೆ ಕಟ್ಟಿದರು. ಬೇಸಿಗೆಯಲ್ಲಿ ಅಚ್ಚು ತೆಗೆದಾಗ ಕಮಾನು ಕೂದಲೆಳೆಯಷ್ಟೂ ಕದಲಲಿಲ್ಲ. ಊರೆಲ್ಲ ಖಾಜಾಸಾಬರ ಕೈಯನ್ನು ಹೊಗಳಿತು. ಎಂಥ ಕೈ, ಆ ಸೊಸೆಯೊಬ್ಬಳು ಕೆಡಿಸಿದಳಷ್ಟೇ ಅಂದರು.

ಅಲ್ಲಿಂದ ನನ್ನ ಸೆರೆವಾಸ ಶುರು. ಯಾರ ಮನೆಯಲ್ಲಿ ಬಾಗಿಲು ನಿಲ್ಲಿಸಿದರೂ, ತೊಲೆ ಏರಿಸಿದರೂ ನನ್ನನ್ನು ಕರೆಯರು. ಅಡಿಪಾಯ ತೋಡಿದಲ್ಲಿ ನಾನು ಹಾದುಹೋದರೆ ಕೆಲಸದವರು ಗುದ್ದಲಿ ಕೆಳಗಿಟ್ಟು ನಾನು ದಾಟುವ ತನಕ ಕಾಯುವರು. ಹೌದು, ನಿಜ ಹೇಳಿಬಿಡಬಹುದಿತ್ತು. ಕೊಟ್ಟ ಮಾತು ಗಂಟಲಿಗೆ ಅಡ್ಡ ಬರುತ್ತಿತ್ತು. ಮಾವ ಆ ವಿಷಯ ಎತ್ತಲೇ ಇಲ್ಲ. ಪೇಟೆಗೆ ಹೋದಾಗಲೆಲ್ಲ ನನಗೆ ಪೇರಲಹಣ್ಣು ತಂದಿಡುತ್ತಿದ್ದರು. ನಾನು ಒಂದನ್ನೂ ತಿನ್ನಲಿಲ್ಲ, ಆಡಿಗೆ ಹಾಕಿದೆ.

ಹುಟ್ಟಿದ್ದು ಹೆಣ್ಣು. ಹುಸೇನ್ ಬೀ ಅಂತ ಹೆಸರಿಟ್ಟೆವು. ತಾತನ ಬೆನ್ನು ಬಿಡುವವಳಲ್ಲ. ಶಾಲೆಗೆ ಹೋಗುವ ವಯಸ್ಸಾಯಿತು. ಒಂದು ದಿನ ಮರುಳಪ್ಪನವರು ಹೊಸ ಅಂಗಡಿಗೆ ಬಾಗಿಲು ನಿಲ್ಲಿಸಿ ಮಕ್ಕಳಿಗೆಲ್ಲ ಮಂಡಕ್ಕಿ, ಬೆಲ್ಲ ಹಂಚುತ್ತಿದ್ದರಂತೆ. ಇವಳೂ ಕೈಯೊಡ್ಡಿ ನಿಂತಿದ್ದಾಳೆ. ಯಾರೋ ಹೆಂಗಸು ಭುಜ ಹಿಡಿದು ಹಿಂದಕ್ಕೆ ತಳ್ಳಿ, "ನೀ ಬಾಗಿಲ ಹತ್ರ ಬರಬ್ಯಾಡ. ನೀ ಹೊಟ್ಟ್ಯಾಗಿದ್ದಾಗನ ಚರ್ಚಿನ ಕಮಾನು ಕೆಡಿಸಿದಾಕಿ," ಅಂದಳಂತೆ. ಮಕ್ಕಳೆಲ್ಲ ಅದನ್ನೇ ಹಾಡು ಮಾಡಿಕೊಂಡು ಬೆನ್ನಟ್ಟಿದ್ದವು. ಅಳುತ್ತಾ ಬಂದವಳು ನನ್ನ ಹತ್ತಿರ ಬರಲಿಲ್ಲ, ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದ ತಾತನ ಹತ್ತಿರ ಹೋದಳು.

"ತಾತಾ, ಕಮಾನು ನನ್ನಿಂದ ಕೆಟ್ಟಿದ್ದೇನು?"

ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತಿತು. ಮಾವ ನನ್ನ ಕಡೆ ನೋಡಿದರು, ನಾನು ಮೊರದಿಂದ ಕಣ್ಣೆತ್ತಲಿಲ್ಲ. ನಾನು ಸುಮ್ಮನಿರುತ್ತೇನೆ ಅಂತ ಮಾತು ಕೊಟ್ಟದ್ದು ನನ್ನ ಪಾಲಿಗೆ. ಇವಳ ಪಾಲಿಗೆ ಯಾರೂ ಕೊಟ್ಟಿರಲಿಲ್ಲ. ಈ ಮುದುಕ ಇವತ್ತು ಹೂಂ ಅಂದರೆ ಮಗಳನ್ನು ಎತ್ತಿಕೊಂಡು ತವರಿಗೆ ಹೋಗುತ್ತೇನೆ, ಮನೆಯೂ ಬೇಡ, ಕಮಾನೂ ಬೇಡ ಅಂತ ನಿರ್ಧಾರ ಮಾಡಿಬಿಟ್ಟೆ.

ಮಾವ ಹುಡುಗಿಯನ್ನು ಮೊಣಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ಮೂಗು ಒರೆಸಿದರು.

"ಇಲ್ಲ ಕೂಸ. ನನ್ನಿಂದ ಕೆಟ್ಟಿದ್ದು. ಗಚ್ಚು ಹಸೀದಿತ್ತು, ನಾ ನೋಡ್ಲಿಲ್ಲ. ನೀ ಹೊಟ್ಟ್ಯಾಗ ಇದ್ದಿ ಅಂತ ನಿಮ್ಮವ್ವ ಅದನ್ನ ತಿಂದ್ಲು, ಅಕಿಗೆ ತಿಳೀತು. ಇಲ್ಲಾಂದ್ರ ಅದು ನಿಮ್ಮಪ್ಪನ ತಲಿ ಮ್ಯಾಲ ಬೀಳ್ತಿತ್ತು. ನೀ ಕೆಡಿಸಿಲ್ಲ, ಉಳಿಸಿದಿ."

ನನ್ನ ಕಣ್ಣಿಂದ ದಳದಳ ನೀರು ಅಕ್ಕಿಗೆ ಬಿತ್ತು. ಸಿಟ್ಟೋ, ಸಮಾಧಾನವೋ ಗೊತ್ತಾಗಲಿಲ್ಲ. ಇಷ್ಟು ವರ್ಷ ಬೇಕಾಯಿತೇ ಈ ನಾಲ್ಕು ಮಾತಿಗೆ? ಹುಡುಗಿ ಬಿಕ್ಕುವುದನ್ನು ನಿಲ್ಲಿಸಿ ತಾತನ ಗಡ್ಡವನ್ನೇ ನೋಡುತ್ತಿದ್ದಳು. ಮಾವ ಅವಳ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ, "ಇದು ನನ್ನ ನಿನ್ನ ನಡುವ ಇರಲಿ. ಯಾರ ಮುಂದೂ ಹೇಳಬ್ಯಾಡ, ಆತನು?" ಅಂದರು.

"ಯಾಕ ಹೇಳಬಾರದು?" ಅಂದಳು ಅವಳು.

ಅವರು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಬಿಡಿಸಿಕೊಂಡು ಓಡಿದ್ದಳು. ಅಂಗಳ ದಾಟಿ, ಗೇಟು ದಾಟಿ, ಮರುಳಪ್ಪನವರ ಅಂಗಡಿಯ ಕಡೆ. "ನಮ್ಮ ತಾತಂದಂತ ತಪ್ಪು! ಗಚ್ಚು ಹಸೀದಿತ್ತಂತ! ತಾತಾನ ಹೇಳ್ಯಾನ!" ಅಂತ ಪೇಟೆಗೆಲ್ಲ ಕೇಳುವಂತೆ ಕೂಗುತ್ತಾ ಹೋಗುತ್ತಿದ್ದಳು.

ಮಾವ ಹೊರಸಿನಿಂದ ಅರ್ಧ ಎದ್ದು, "ಜೈತುನಾ, ಕರಿ ಅಕಿನ್ನ, ಲಗೂನ ಕರಿ!" ಅಂದರು.

ನಾನು ಕರೆಯಲಿಲ್ಲ.